ಮೂರನೇ ಪುಟದ ಕೆಂಪು ಸುತ್ತು

ಆಕೆ ಇತಿಹಾಸದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಳು. ನಾಲ್ಕನೇ ವರ್ಷ. ವಿಷಯ ತುರುಗೋಳ್ ವೀರಗಲ್ಲುಗಳು, ಅಂದರೆ ಊರಿನ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಹೋರಾಡಿ ಸತ್ತವರ ಕಲ್ಲುಗಳು. ಮನೆಯಲ್ಲಿ ಪಿಯುಸಿ ದಾಟಿದವಳು ಆಕೆಯೊಬ್ಬಳೇ. ಆಕೆಯ ಮತ್ತು ಆಕೆಯ ಗೈಡ್ (ಸಂಶೋಧನಾ ಮಾರ್ಗದರ್ಶಕರು) ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಆಪ್ತ ಸಲಹೆಗೆಂದು ನನ್ನ ಹತ್ತಿರ ಬಂದ ಮೊದಲ ದಿನ ಆಕೆ ಹೇಳಿದ್ದು ಒಂದೇ ಮಾತು: “ನಿದ್ದೆ ಬರ್ತಿಲ್ಲ ಮೇಡಂ.” ಆಮೇಲೆ ಚೀಲದಿಂದ ಒಂದು ಪ್ಲಾಸ್ಟಿಕ್ ಫೈಲ್ ತೆಗೆದು ಮೇಜಿನ ಮೇಲಿಟ್ಟಳು. 46 ಪುಟದ ಅಧ್ಯಾಯ. ಗೈಡ್ ಅದನ್ನು ಐದು ತಿಂಗಳು ಇಟ್ಟುಕೊಂಡು, ಅಟೆಂಡರ್ ಕೈಲಿ ವಾಪಸ್ ಕಳಿಸಿದ್ದರು. ಪುಟ ತಿರುವಿದೆ. ಮೂರನೇ ಪುಟದಲ್ಲಿ ಒಂದು ಅಕ್ಷರಕ್ಕೆ ಕೆಂಪು ಸುತ್ತು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಅಲ್ಲಿಂದ ಮುಂದಿನ 43 ಪುಟದಲ್ಲಿ ಗೈಡ್ ಗುರುತೇ ಇಲ್ಲ. ಒಂದು ಗೆರೆಯೂ ಇಲ್ಲ.

“ಇದಕ್ಕೆ ಬೇಕಾದ ಬುದ್ಧಿ ನನಗಿಲ್ಲ. ಸರ್‌ಗೆ ಅದು ಗೊತ್ತಾಗಿದೆ, ಬಾಯಿಬಿಟ್ಟು ಹೇಳ್ತಿಲ್ಲ ಅಷ್ಟೇ” ಅಂದಳು.

ಸಂಶೋಧನಾ ವಿದ್ಯಾರ್ಥಿಗಳಿಂದ ನಾನು ಅತಿ ಹೆಚ್ಚು ಕೇಳಿರುವ ಮಾತಿದು. ಬೈದರೆ ಅತ್ತು ಸುಧಾರಿಸಿಕೊಳ್ಳುತ್ತಾರೆ. ಏನೂ ಹೇಳದಿದ್ದರೆ ಆ ಜಾಗವನ್ನು ತಮ್ಮ ಭಯದಿಂದಲೇ ತುಂಬಿಕೊಳ್ಳುತ್ತಾರೆ. ಈಕೆ ಐದು ತಿಂಗಳು ಅದನ್ನೇ ಮಾಡಿದ್ದಳು. ಊಟ ಕಮ್ಮಿಯಾಗಿತ್ತು. ಊರಿಗೆ ಹೋಗುವುದು ನಿಂತಿತ್ತು. ಫೋನ್ ಮಾಡಿದಾಗೆಲ್ಲ ಅವ್ವ ಕೇಳೋದು ಒಂದೇ: “ಇನ್ನ ಎಷ್ಟ ವರ್ಷ ಓದ್ತೀಯವ್ವಾ?” ಅದಕ್ಕೆ ಆಕೆ ಫೋನ್ ಎತ್ತುವುದನ್ನೇ ಬಿಟ್ಟಿದ್ದಳು.

ಸಾಯಬೇಕು ಅನ್ನಿಸಿದೆಯಾ ಎಂದು ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. “ಬೆಳಿಗ್ಗೆ ಎಚ್ಚರ ಆಗದಿದ್ದರೆ ಸಾಕು ಅನ್ಸುತ್ತೆ” ಅಂದಳು. ಅದೇ ವಾರ ಮನೋವೈದ್ಯರ ಹತ್ತಿರ ಕಳಿಸಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಫೋನಿನಲ್ಲಿ ಸೇವ್ ಮಾಡಿಸಿದೆ. ಅಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಥೀಸಿಸ್ ಮಾತು ಶುರುವಾಗಿದ್ದು ನಿದ್ದೆ ಸ್ವಲ್ಪ ದಾರಿಗೆ ಬಂದ ಮೇಲೆ.

ಆಕೆಗೆ ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ಇಡೀ ಅಧ್ಯಾಯ ಕೊಟ್ಟು ಕಾಯಬೇಡ. ಎರಡು ಪುಟ ತೆಗೆದುಕೊಂಡು ಹೋಗು, “ಸರ್, ಶಾಸನದ ಈ ಸಾಲಿನ ಓದು ಸರಿಯಾ?” ಅಂತ ಒಂದೇ ಪ್ರಶ್ನೆ ಕೇಳು. “ಹೇಗಿದೆ ಸರ್?” ಅಂದರೆ ಯಾರಿಗೂ ಉತ್ತರ ಹೊಳೆಯುವುದಿಲ್ಲ. ಮಾತು ಮುಗಿದ ದಿನವೇ ಏನು ತೀರ್ಮಾನವಾಯಿತು ಅಂತ ನಾಲ್ಕು ಸಾಲು ಬರೆದು ಅವರಿಗೆ ಮೇಲ್ ಹಾಕು.

ಇನ್ನೊಂದು, ಸಂಶೋಧನಾ ಸಲಹಾ ಸಮಿತಿ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2022ರ ನಿಯಮದ ಪ್ರಕಾರ ಪ್ರತಿ ಸೆಮಿಸ್ಟರ್‌ಗೂ ಆ ಸಮಿತಿಯ ಮುಂದೆ ಕೆಲಸ ಎಲ್ಲಿಗೆ ಬಂತು ಅಂತ ಹೇಳಬೇಕು. ಈಕೆಯ ವಿಷಯದಲ್ಲಿ ಅದು ಬರೀ ಸಹಿ ಹಾಕಿಸಿಕೊಳ್ಳುವ ಕೆಲಸವಾಗಿತ್ತು. ಸಮಿತಿಯಲ್ಲಿ ಹಳಗನ್ನಡ ಚೆನ್ನಾಗಿ ಬಲ್ಲ ಒಬ್ಬ ಮೇಡಂ ಇದ್ದರು. ನಾಲ್ಕು ವರ್ಷದಲ್ಲಿ ಈಕೆ ಅವರ ಹತ್ತಿರ ಕೂತು ಮಾತಾಡಿರಲೇ ಇಲ್ಲ. ಗೈಡ್ ಬೇಜಾರು ಮಾಡಿಕೊಂಡರೆ ಅನ್ನೋ ಹೆದರಿಕೆ. ಗೈಡ್‌ಗೆ ಹೇಳಿಯೇ ಹೋಗು ಅಂದೆ. ಎರಡನೇ ಕಣ್ಣು ಬೇಕೇ ಬೇಕು. ಒಬ್ಬರ ಮೌನದ ಮೇಲೆ ಒಂದು ಜೀವನ ನಿಲ್ಲಬಾರದು, ಅಲ್ವಾ?

ದುಡ್ಡಿನ ಮಾತೂ ಇತ್ತು. ಎರಡು ವರ್ಷ ಮುಗಿದ ಮೇಲೆ ಫೆಲೋಶಿಪ್ಪನ್ನು ಜೆಆರ್‌ಎಫ್‌ನಿಂದ (ಕಿರಿಯ ಹಂತ) ಎಸ್‌ಆರ್‌ಎಫ್‌ಗೆ (ಹಿರಿಯ ಹಂತ) ಏರಿಸಬೇಕು. 2023ರ ಜನವರಿಯಿಂದ ಅದು 37 ಸಾವಿರ ಮತ್ತು 42 ಸಾವಿರ. ಆಕೆಯ ಫೈಲ್ ಗೈಡ್ ಮೇಜಿನ ಮೇಲೇ ಇತ್ತು. ತಿಂಗಳಿಗೆ ಐದು ಸಾವಿರದ ವ್ಯತ್ಯಾಸ. ಕೇಳಲು ಸಂಕೋಚ. ಇದು ನಿನ್ನ ಹಕ್ಕು, ಉಪಕಾರ ಅಲ್ಲ ಅಂದೆ.

ಆಕೆ ಒಪ್ಪಿದ ಮೇಲೆ ಗೈಡ್ ಅವರನ್ನು ಕರೆದೆ. ಕೆಟ್ಟವರಲ್ಲ. ಪ್ರೊಫೆಸರ್ ಒಬ್ಬರು ಹೆಚ್ಚೆಂದರೆ ಎಂಟು ಜನರಿಗೆ ಗೈಡ್ ಆಗಬಹುದು, ಇವರ ಹತ್ತಿರ ಎಂಟೂ ತುಂಬಿತ್ತು. ಜೊತೆಗೆ ಆ ವರ್ಷದ ನ್ಯಾಕ್ ಕೆಲಸ, ಅಂದರೆ ಸಂಸ್ಥೆಯ ಗುಣಮಟ್ಟ ಅಳೆಯುವ ತಂಡಕ್ಕೆ ಬೇಕಾದ ಕಾಗದಪತ್ರ. ಕೆಂಪು ಸುತ್ತಿನ ಬಗ್ಗೆ ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದರು: ವೀರನ ಹೆಸರಿನಲ್ಲಿ ಆಕೆ ‘ಮ’ ಎಂದು ಓದಿದ್ದು ‘ವ’ ಇರಬಹುದು ಅನ್ನಿಸಿತು, ಹಳೆಯ ಶಾಸನ ಸಂಪುಟ ತೆಗೆದು ನೋಡೋಣ ಎಂದು ಗುರುತು ಹಾಕಿದೆ, ಅಷ್ಟರಲ್ಲಿ ಯಾರೋ ಕರೆದರು, ಮರೆತೇ ಹೋಯಿತು.

“ಅಧ್ಯಾಯ ಹೇಗಿತ್ತು ಸರ್?”

“ಚೆನ್ನಾಗಿದೆ. ಅದನ್ನ ಹೇಳಬೇಕಾ?”

ಹೌದು, ಹೇಳಬೇಕು. ಅವರ ಗೈಡ್ ಅವರಿಗೆ ಏನೂ ಹೇಳುತ್ತಿರಲಿಲ್ಲವಂತೆ. “ನಾವೇ ಬಿದ್ದು ಎದ್ದು ಕಲಿತ್ವಿ” ಅಂದರು. ಆಗ ನಿಮಗೆ ಹೇಗಿತ್ತು ಅಂದಾಗ ತುಂಬ ಹೊತ್ತು ಕಿಟಕಿ ಕಡೆ ನೋಡಿದರು. “ಎರಡು ವರ್ಷ ಸುಮ್ನೆ ಹಾಳಾಯ್ತು ಮೇಡಂ. ಬಿಟ್ಟುಬಿಡೋಣ ಅಂತಿದ್ದೆ.” ಇದನ್ನು ನಿಮ್ಮ ವಿದ್ಯಾರ್ಥಿಗೆ ಯಾವತ್ತಾದರೂ ಹೇಳಿದ್ದೀರಾ ಅಂತ ಕೇಳಿದೆ. ಇಲ್ಲ.

ಅವರಿಗೆ ನಾನು ಕೇಳಿಕೊಂಡಿದ್ದು ಮೂರೇ. ಕರಡು ಕೈಗೆ ಬಂದ ದಿನವೇ, ಯಾವಾಗ ಓದಿ ಕೊಡುತ್ತೀರಿ ಅಂತ ತಾರೀಕು ಹೇಳಿ. ಆಗದಿದ್ದರೆ ‘ಇನ್ನೂ ಓದಿಲ್ಲ’ ಅಂತಲೇ ತಿಳಿಸಿ, ಅದೂ ಉತ್ತರವೇ. ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ: ಒಂದು ದಿನ ಆಕೆಯ ಜೊತೆ ಆ ಕಲ್ಲಿನ ಹತ್ತಿರ ಹೋಗಿ. ಗೈಡ್ ಹೇಗೆ ಯೋಚಿಸುತ್ತಾರೆ, ಎಲ್ಲಿ ಅನುಮಾನಪಡುತ್ತಾರೆ, ಎಲ್ಲಿ ತಪ್ಪುತ್ತಾರೆ ಅನ್ನುವುದನ್ನು ಹತ್ತಿರದಿಂದ ನೋಡದೆ ಯಾರೂ ಈ ಕೆಲಸ ಕಲಿಯಲಾರರು. ಅವರು ವಿದ್ಯಾರ್ಥಿಗಳ ಜೊತೆ ಊರೂರು ತಿರುಗಿ ಏಳು ವರ್ಷವಾಗಿತ್ತು.

ಹೋದರು. ಆಕೆ ಬಂದು ಒಂದು ಗಂಟೆ ಅದನ್ನೇ ಹೇಳಿದಳು. ಸರ್ ಪ್ಯಾಂಟ್ ಮಡಚಿ ಗಿಡಗಂಟಿಯೊಳಗೆ ಕೂತರಂತೆ. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿಯುವಾಗ ಸರ್ ಕೈಯಲ್ಲೇ ಕಾಗದ ಹರಿಯಿತಂತೆ. “ಅಯ್ಯೋ, ಕೈ ಮರೆತುಹೋಗಿದೆ, ನೀನೇ ಹಾಕಮ್ಮಾ” ಅಂದರಂತೆ. ಆಕೆ ತೆಗೆದ ಪಡಿಯಚ್ಚು ಚೆನ್ನಾಗಿ ಬಂತು. ಸಂಜೆಯ ಓರೆ ಬಿಸಿಲು ಬೀಳುವವರೆಗೆ ಕಾದು ಇಬ್ಬರೂ ಆ ಅಕ್ಷರ ನೋಡಿದರು. ಎರಡು ಅಕ್ಷರವನ್ನೂ ಬೇರೆ ಮಾಡಿ ತೋರಿಸುವ ಜಾಗದಲ್ಲೇ ಕಲ್ಲು ಸವೆದಿತ್ತು. ಸರ್ ‘ವ’ ಅಂದರು, ಈಕೆ ‘ಮ’ ಅಂದಳು. ನಾಲ್ಕು ವರ್ಷದಲ್ಲಿ ಮೊದಲ ಸಲ ಅವರ ಎದುರು ವಾದ ಮಾಡಿದ್ದಳು.

ಎಲ್ಲವೂ ಸರಿಹೋಗಿಲ್ಲ. ತಾರೀಕುಗಳು ಈಗಲೂ ತಪ್ಪುತ್ತವೆ. ಆದರೆ ತಪ್ಪಿದಾಗ ಒಂದು ಮೆಸೇಜ್ ಬರುತ್ತದೆ. ಎಸ್‌ಆರ್‌ಎಫ್ ಫೈಲ್ ಮುಂದಕ್ಕೆ ಹೋಗಿದೆ. ನಿದ್ದೆ ಮಾತ್ರೆ ಕಮ್ಮಿಯಾಗುತ್ತಿದೆ, ವೈದ್ಯರ ಭೇಟಿ ನಿಲ್ಲಿಸಿಲ್ಲ. ಅಧ್ಯಾಯದಲ್ಲಿ ಆ ಅಕ್ಷರ ಈಗ ಚೌಕ ಕಂಸದೊಳಗಿದೆ, ಓದು ಅನುಮಾನ ಅಂತ. ಅಡಿಟಿಪ್ಪಣಿಯಲ್ಲಿ ಎರಡೂ ಓದುಗಳಿವೆ, ಮೊದಲು ಆಕೆಯದು.