ಹಪ್ಪಳ, ಮಾಂಬಳದ ಮನೆ ಉದ್ಯಮಕ್ಕೆ ಲೋಗೋ ಮತ್ತು ವೆಬ್‌ಸೈಟ್: ನೋಡಲು ಚಂದ ಆಗಬೇಕಾದರೆ ಏನು ಬೇಕು?

ನಿಮ್ಮ ಪ್ರಶ್ನೆ ಇಷ್ಟು: ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಮನೆಯಿಂದಲೇ ಹಲಸಿನ ಹಪ್ಪಳ, ಮಾಂಬಳ (ಮಾವಿನ ರಸ ಒಣಗಿಸಿ ಮಾಡುವ ತಿನಿಸು) ಮಾರುತ್ತೀರಿ. ಲೋಗೋ ಬೇಕು, ಆರ್ಡರ್ ತೆಗೆದುಕೊಳ್ಳುವ ವೆಬ್‌ಸೈಟ್ ಬೇಕು, ಎರಡರಲ್ಲೂ ಕನ್ನಡ ಮತ್ತು ಮಲಯಾಳ ಇರಬೇಕು. ಕೆಲವು ಲೋಗೋ, ಕೆಲವು ಸೈಟು ಕಂಡ ಕೂಡಲೇ ಚಂದ ಅನ್ನಿಸುವುದು ಯಾತಕ್ಕೆ ಎಂದು ಕೇಳಿದ್ದೀರಿ.

ಕಾಸರಗೋಡಿನ ಮಟ್ಟಿಗೆ ನನ್ನ ಉತ್ತರ ಒಂದೇ: ಅಂದ ಶುರುವಾಗುವುದು ಅಕ್ಷರದಿಂದ. ಬಣ್ಣ, ಚಿತ್ರ, ಅನಿಮೇಶನ್ ಎಲ್ಲ ಆಮೇಲೆ. ಇಂಗ್ಲಿಷಿಗೆಂದು ಅಳೆದು ಹೊಲಿದ ಟೆಂಪ್ಲೇಟಿನೊಳಗೆ ನಮ್ಮ ಅಕ್ಷರ ತುರುಕಿದರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ಎಲ್ಲೋ ಏನೋ ಸರಿಯಿಲ್ಲ ಅನ್ನಿಸುತ್ತಲೇ ಇರುತ್ತದೆ.

‘ಹಪ್ಪಳ’ ಎಂಬ ಪದವನ್ನೇ ನೋಡಿ. ‘ಪ್ಪ’ದ ಒತ್ತು ಗೆರೆಯ ಕೆಳಗೆ ಇಳಿಯುತ್ತದೆ. ಡಿಸೈನ್ ಸಾಫ್ಟ್‌ವೇರ್ ಈ ಪದವನ್ನು ಅದರ ಪೂರ್ತಿ ಚೌಕದ ಲೆಕ್ಕದಲ್ಲಿ ನಡುವಿಗೆ ತಂದರೆ, ಒತ್ತೂ ಆ ಲೆಕ್ಕಕ್ಕೆ ಸೇರುವುದರಿಂದ ಪದ ಮೇಲಕ್ಕೆ ಜಿಗಿದ ಹಾಗೆ ಕಾಣುತ್ತದೆ. ಹಾಗಾಗಿ ಒತ್ತನ್ನು ಬಿಟ್ಟು ಅಕ್ಷರದ ಮೈಯನ್ನಷ್ಟೇ ಹಿಡಿದು, ಕಣ್ಣಳತೆಯಲ್ಲಿ ನಡುವಿಗೆ ತರಬೇಕು. ವೃತ್ತದೊಳಗೆ ಹೆಸರು ಬರೆಸುವವರೆಲ್ಲ ಎಡವುವ ಜಾಗ ಇದು.

ಇನ್ನೊಂದು ದೊಡ್ಡ ತೊಂದರೆ ಲೋಗೋ ಬಿಡಿಸಲು ಬಳಸುವ ಅಡೋಬಿಯ ಇಲಸ್ಟ್ರೇಟರ್ ಸಾಫ್ಟ್‌ವೇರಿನಲ್ಲಿ. ಅದರಲ್ಲಿ ಭಾರತೀಯ ಲಿಪಿಗಳ ಆಯ್ಕೆ ಆನ್ ಮಾಡದಿದ್ದರೆ ‘ಹಪ್ಪಳ’ ಒಡೆದು ‘ಹಪ್‌ಪಳ’ ಆಗುತ್ತದೆ. ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ಇಂಡಿಕ್ ಆಯ್ಕೆಗಳನ್ನು ತೋರಿಸಲು ಹೇಳಿ, ನಂತರ ಪ್ಯಾರಾಗ್ರಾಫ್ ಪ್ಯಾನೆಲಿನಲ್ಲಿ ಸೌತ್ ಏಶಿಯನ್ ಕಂಪೋಸರ್ ಆರಿಸಿದರೆ ಒತ್ತು ತನ್ನ ಜಾಗಕ್ಕೆ ಬರುತ್ತದೆ. ಉಚಿತವಾಗಿ ಸಿಗುವ ಇಂಕ್‌ಸ್ಕೇಪ್‌ನಲ್ಲಿ ಈ ತಾಪತ್ರಯ ಇಲ್ಲ. ಮುದ್ರಣಕ್ಕೆ ಕೊಡುವ ಮುಂಚೆ ಅಕ್ಷರಗಳನ್ನು ಔಟ್‌ಲೈನ್ ಮಾಡಿಸಿ (ಎಂದರೆ ಅಕ್ಷರವನ್ನು ಚಿತ್ರದ ಗೆರೆಯಾಗಿ ಬದಲಾಯಿಸಿ), ಇಲ್ಲದಿದ್ದರೆ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇಲ್ಲದೆ ಎಲ್ಲ ಕಲಸಿಹೋಗುತ್ತದೆ.

ಎರಡು ಲಿಪಿ ಜೊತೆಗಿರುವಾಗ ಇನ್ನೂ ಎಚ್ಚರ ಬೇಕು. ಕನ್ನಡಕ್ಕೆ ತಲೆಕಟ್ಟು ಉಂಟು, ಮಲಯಾಳಕ್ಕೆ ಇಲ್ಲ. ಮಲಯಾಳದ ಅಕ್ಷರಗಳು ಅಡ್ಡಕ್ಕೆ ಹರಡಿಕೊಳ್ಳುತ್ತವೆ. ಎರಡಕ್ಕೂ 24 ಪಾಯಿಂಟ್ ಎಂದು ಕೊಟ್ಟರೆ ಒಂದು ದಪ್ಪ, ಒಂದು ಬಡಕಲು ಆಗಿ ಕಾಣಬಹುದು. ಅಂಕಿ ಸಮ ಮಾಡಬೇಡಿ, ಅಕ್ಷರದ ಮೈಯ ಎತ್ತರ ಮತ್ತು ಗೆರೆಯ ದಪ್ಪ ಸಮ ಮಾಡಿ. ಒಂದೇ ಕುಟುಂಬದ ಫಾಂಟ್ ತೆಗೆದುಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ: ಅನೇಕ್ ಎಂಬ ಫಾಂಟಿನಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಇವೆ, ಬಲೂ ಕುಟುಂಬದಲ್ಲಿ ಕನ್ನಡಕ್ಕೆ ಬಲೂ ತಮ್ಮ, ಮಲಯಾಳಕ್ಕೆ ಬಲೂ ಚೇಟ್ಟನ್. ತಿಂಡಿಯ ಪ್ಯಾಕೆಟಿಗೆ ಬಲೂವಿನ ಗುಂಡು ಮೈ ಒಪ್ಪುತ್ತದೆ, ಸೈಟಿನ ಓದುವ ಭಾಗಕ್ಕೆ ಅನೇಕ್ ಅಥವಾ ನೋಟೋ ಸಾನ್ಸ್ ವಾಸಿ. ಮಲಯಾಳದಲ್ಲಿ ಹಳೆ ಲಿಪಿ ಮತ್ತು 1971ರ ಸುಧಾರಣೆಯ ಹೊಸ ಲಿಪಿ ಎಂದು ಎರಡು ರೂಪ ಇವೆ. ಲೋಗೋದಲ್ಲಿ ಒಂದು, ಸೈಟಿನಲ್ಲಿ ಇನ್ನೊಂದು ಆಗದಂತೆ ಮೊದಲೇ ತೀರ್ಮಾನಿಸಿ.

ಲೋಗೋದ ಚಿತ್ರದ ಬಗ್ಗೆ. ಯಕ್ಷಗಾನದ ಕಿರೀಟ, ತೆಯ್ಯದ ಮುಡಿ ನಮಗೆಲ್ಲ ಪ್ರೀತಿಯವೇ. ಆದರೆ ಅವುಗಳ ಚಂದ ಇರುವುದೇ ನವಿರು ಕುಸುರಿಯಲ್ಲಿ, ಆ ಕುಸುರಿ ಚಿಕ್ಕದಾದಾಗ ಉಳಿಯುವುದಿಲ್ಲ. ಬ್ರೌಸರಿನ ಟ್ಯಾಬಿನಲ್ಲಿ ನಿಮ್ಮ ಲೋಗೋಕ್ಕೆ ಸಿಗುವುದು 16 ಪಿಕ್ಸೆಲ್ ಅಗಲ, 16 ಎತ್ತರ. ಅಷ್ಟರಲ್ಲಿ ಒಂದು ಆಕಾರ ನಿಂತರೆ ಹೆಚ್ಚು. ಹಪ್ಪಳದ ದುಂಡು, ಅದರೊಳಗೆ ಒಂದು ಹಲಸಿನ ಸೊಳೆ, ಸಾಕು. ಮೊದಲು ಒಂದೇ ಬಣ್ಣದಲ್ಲಿ, ಕಪ್ಪಿನಲ್ಲಿ ಮಾಡಿಸಿ. ರಬ್ಬರ್ ಸ್ಟಾಂಪ್ ಮಾಡಿದರೂ ಗುರುತು ಸಿಗಬೇಕು. ಅದು ಗೆದ್ದ ಮೇಲೆ ಬಣ್ಣ. ಪ್ಲಾಸ್ಟಿಕ್ ಕವರಿನ ಮೇಲೆ ಅಚ್ಚಾಗುವುದಾದರೆ ಅರ್ಧ ಮಿಲಿಮೀಟರಿಗಿಂತ ತೆಳು ಗೆರೆ ಬೇಡ, ಮಸಿ ಹರಡಿ ಮುಚ್ಚಿಹೋಗುತ್ತದೆ. ಪಾರದರ್ಶಕ ಕವರಾದರೆ ಬಣ್ಣದ ಅಡಿಗೆ ಬಿಳಿ ಮಸಿಯ ಪದರ ಹಾಕಿಸಿ. ಹಾಕಿಸದಿದ್ದರೆ ಒಳಗಿನ ಮಾಂಬಳದ ಕಂದು ಬಣ್ಣ ತೂರಿ ಬಂದು ಲೋಗೋ ಕೊಳೆ ಕೊಳೆಯಾಗಿ ಕಾಣುತ್ತದೆ. ವಾಟ್ಸಾಪ್ ಡಿಪಿ ಚೌಕವನ್ನು ದುಂಡಗೆ ಕತ್ತರಿಸುವುದರಿಂದ ಮೂಲೆಗಳಲ್ಲಿ ಏನೂ ಇಡಬೇಡಿ.

ಬಣ್ಣ ಎರಡು ಸಾಕು, ಮೂರನೆಯದು ಬಿಳಿ. ಓದುವ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1, ದೊಡ್ಡ ಅಕ್ಷರಕ್ಕೆ 3:1 ಬೆಳಕಿನ ವ್ಯತ್ಯಾಸ (ಕಾಂಟ್ರಾಸ್ಟ್) ಇರಬೇಕು. ಮಾವು, ಹಲಸು ಅಂದಾಗ ಎಲ್ಲರಿಗೂ ಹಳದಿ ನೆನಪಾಗುತ್ತದೆ. ಬಿಳಿಯ ಮೇಲೆ ಅಪ್ಪಟ ಹಳದಿಯ ವ್ಯತ್ಯಾಸ ಬರೀ 1.07:1, ಬಿಸಿಲಿಗೆ ಫೋನ್ ಹಿಡಿದರೆ ಏನೂ ಕಾಣಿಸುವುದಿಲ್ಲ. ಹಳದಿಯನ್ನು ಹಿನ್ನೆಲೆಯಾಗಿಟ್ಟು ಅದರ ಮೇಲೆ ಕಡು ಕಂದು ಅಕ್ಷರ ಬರೆಸಿ.

ಈಗ ಸೈಟು. ಇಂಗ್ಲಿಷ್ ಟೆಂಪ್ಲೇಟುಗಳಲ್ಲಿ ಶೀರ್ಷಿಕೆಯ ಸಾಲಿನ ಎತ್ತರ ಸಾಮಾನ್ಯವಾಗಿ ಅಕ್ಷರದ ಗಾತ್ರದ 1.1 ಅಥವಾ 1.2 ಪಟ್ಟು ಇರುತ್ತದೆ. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುವುದು, ಬಟನಿನೊಳಗೆ ಒತ್ತಿನ ಬುಡ ಕತ್ತರಿಸಿಹೋಗುವುದು ಇದರಿಂದಲೇ. ಶೀರ್ಷಿಕೆಗೆ 1.4, ಓದುವ ಭಾಗಕ್ಕೆ 1.7 ಕೊಡಿ, ಅಕ್ಷರದ ಗಾತ್ರ 17 ಅಥವಾ 18 ಪಿಕ್ಸೆಲ್. ಅಕ್ಷರಗಳ ನಡುವಿನ ಅಂತರ ಹಿಗ್ಗಿಸಬೇಡಿ, ಪದದ ಓಟ ಕಡಿಯುತ್ತದೆ. ಇಟಾಲಿಕ್ ಬೇಡ, ಏಕೆಂದರೆ ಕನ್ನಡ ಫಾಂಟುಗಳಲ್ಲಿ ಅದು ಸಾಮಾನ್ಯವಾಗಿ ಇರುವುದೇ ಇಲ್ಲ, ಬ್ರೌಸರ್ ಅಕ್ಷರವನ್ನು ಸುಮ್ಮನೆ ವಾಲಿಸಿಬಿಡುತ್ತದೆ. ಬೋಲ್ಡ್ ಕೂಡ ಹಾಗೆಯೇ: ಫಾಂಟಿನ ಬೋಲ್ಡ್ ಫೈಲನ್ನೂ ಸೇರಿಸದಿದ್ದರೆ ಬ್ರೌಸರ್ ತಾನೇ ದಪ್ಪ ಮಾಡಿ ‘ಷ’, ‘ಳ’ಗಳ ಒಳಗಿನ ಖಾಲಿ ಜಾಗ ತುಂಬಿಸುತ್ತದೆ. ಪಠ್ಯ ಯೂನಿಕೋಡಿನಲ್ಲೇ (ಎಲ್ಲ ಫೋನು, ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತದಲ್ಲೇ) ಇರಲಿ. ಹಳೆ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಅಂಟಿಸಿದರೆ ಗಿರಾಕಿಯ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣಿಸುತ್ತದೆ, ಗೂಗಲ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ.

ಕದಲುವ, ಒತ್ತುವ ಭಾಗಗಳಲ್ಲಿ ಚಂದ ಅಂದರೆ ತಕ್ಷಣ ಸಿಗುವ ಓಗೊಡುವಿಕೆ. ‘ಬುಟ್ಟಿಗೆ ಹಾಕಿ’ ಒತ್ತಿದ ಕೂಡಲೇ, ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ, ಬಟನಿನ ಬಣ್ಣವಾದರೂ ಬದಲಾಗಬೇಕು. ತಡವಾದರೆ ಜನ ಮತ್ತೊಮ್ಮೆ ಒತ್ತುತ್ತಾರೆ, ಎರಡು ಕಿಲೋ ಹಪ್ಪಳ ನಾಲ್ಕಾಗುತ್ತದೆ. ಬಟನ್ 48 ಪಿಕ್ಸೆಲ್ ಎತ್ತರ ಇದ್ದರೆ ಹೆಬ್ಬೆರಳಿಗೆ ಸಲೀಸು. ಮೌಸ್ ಇಟ್ಟಾಗ ಮಾತ್ರ ಬೆಲೆ ತೋರಿಸುವ ಕಾರ್ಡು ಫೋನಿನಲ್ಲಿ ಕೆಲಸಕ್ಕೆ ಬರುವುದಿಲ್ಲ, ಬೆಲೆ ಯಾವಾಗಲೂ ಕಾಣುತ್ತಿರಲಿ.

ಅನಿಮೇಶನ್ 150ರಿಂದ 300 ಮಿಲಿಸೆಕೆಂಡ್ ಒಳಗೆ ಮುಗಿಯಲಿ. ಸ್ಥಾನ, ಗಾತ್ರಗಳನ್ನು ‘ಟ್ರಾನ್ಸ್‌ಫಾರ್ಮ್’ ಮೂಲಕ, ಮಸುಕನ್ನು ‘ಒಪ್ಯಾಸಿಟಿ’ ಮೂಲಕ ಬದಲಾಯಿಸಲು ಡೆವಲಪರಿಗೆ ಹೇಳಿ. ಅಗಲ, ಎತ್ತರಗಳನ್ನೇ ಕದಲಿಸಿದರೆ ಪುಟದ ಜೋಡಣೆಯನ್ನು ಪ್ರತಿ ಫ್ರೇಮಿಗೂ, ಅಂದರೆ ಪರದೆ ಹೊಸದಾಗಿ ಮೂಡುವ ಪ್ರತಿ ಸಲವೂ, ಮತ್ತೆ ಲೆಕ್ಕ ಹಾಕಬೇಕು. ಫ್ರೇಮಿಗೆ ಸಿಗುವ ಸಮಯ ಸುಮಾರು 16 ಮಿಲಿಸೆಕೆಂಡ್, ಕಡಿಮೆ ಬೆಲೆಯ ಫೋನ್ ಅಲ್ಲಿ ತಡವರಿಸುತ್ತದೆ. ತಾನಾಗಿ ಓಡುವ ಸ್ಲೈಡರ್ ಬೇಡವೇ ಬೇಡ, ಓದುವಷ್ಟರಲ್ಲಿ ಜಾರಿಹೋಗುತ್ತದೆ. ಫೋನಿನಲ್ಲಿ ಚಲನೆ ಕಡಿಮೆ ಮಾಡಿಟ್ಟವರಿಗೆ ಅನಿಮೇಶನ್ ನಿಲ್ಲಿಸುವ ಸೌಲಭ್ಯವೂ ಇರಲಿ, ತಲೆ ಸುತ್ತುವವರು ಇರುತ್ತಾರೆ.

ಫೋಟೋಗಳಿಗೆ ಅಗಲ, ಎತ್ತರ ಬರೆಯದೆ ಬಿಟ್ಟರೆ ಚಿತ್ರ ಬಂದಾಗ ಪುಟ ಕೆಳಗೆ ಜಿಗಿದು ಬೆರಳು ಬೇರೆಯದನ್ನು ಒತ್ತಿಬಿಡುತ್ತದೆ. ಒಂದೊಂದು ಫೋಟೋ ವೆಬ್‌ಪಿ ಎಂಬ ಹಗುರ ಚಿತ್ರ ಮಾದರಿಯಲ್ಲಿ 150 ಕೆಬಿ ಒಳಗಿರಲಿ. ಗೂಗಲ್‌ನ ಅಳತೆಯಲ್ಲಿ ಪುಟದ ಮುಖ್ಯ ಚಿತ್ರ ಕಾಣಲು 2.5 ಸೆಕೆಂಡ್, ಒತ್ತಿದ್ದಕ್ಕೆ ಉತ್ತರ ಬರಲು 200 ಮಿಲಿಸೆಕೆಂಡ್ ಮಿತಿ. ಮಳೆಗಾಲದಲ್ಲಿ ಕರೆಂಟು ಹೋಗಿ ನೆಟ್‌ವರ್ಕ್ ಒಂದು ಗೆರೆ ಇರುವಾಗ ಒಮ್ಮೆ ತೆರೆದು ನೋಡಿ, ನಿಮ್ಮ ಸೈಟಿನ ನಿಜವಾದ ವೇಗ ಆಗ ಗೊತ್ತಾಗುತ್ತದೆ.

ಡಿಸೈನರಿನಿಂದ ಕೊನೆಗೆ ಕೇಳಿ ಪಡೆಯಬೇಕಾದದ್ದು: ಲೋಗೋದ ಎಸ್‌ವಿಜಿ (ಎಷ್ಟು ಹಿಗ್ಗಿಸಿದರೂ ಅಂಚು ಕೆಡದ ಫೈಲ್) ಮತ್ತು ಪಿಡಿಎಫ್, ಹಿನ್ನೆಲೆ ಇಲ್ಲದ ಪಿಎನ್‌ಜಿ, ಒಂದೇ ಬಣ್ಣದ ಪ್ರತಿ, ಬಣ್ಣಗಳ ಪರದೆಯ ಅಂಕಿ ಮತ್ತು ಮುದ್ರಣದ ಅಂಕಿ, ಫಾಂಟಿನ ಹೆಸರು. ಜೆಪೆಗ್ ಒಂದನ್ನೇ ಕೊಟ್ಟರೆ ಒಪ್ಪಬೇಡಿ, ನಾಳೆ ಅಂಗಡಿಯ ಬೋರ್ಡಿಗೆ ಹಿಗ್ಗಿಸುವಾಗ ಅಂಚೆಲ್ಲ ಹಲ್ಲು ಹಲ್ಲಾಗುತ್ತದೆ. ಅಚ್ಚಿಗೆ ಹೋಗುವ ಮುಂಚೆ ಮಲಯಾಳದ ಭಾಗವನ್ನು ಆ ಭಾಷೆಯಲ್ಲೇ ಶಾಲೆ ಕಲಿತ ನೆರೆಯವರೊಬ್ಬರಿಗೆ ತೋರಿಸಿ, ಚಿಲ್ಲಕ್ಷರಗಳು (ಸ್ವರ ಸೇರದ ವ್ಯಂಜನಕ್ಕೆ ಮಲಯಾಳದಲ್ಲಿರುವ ಪ್ರತ್ಯೇಕ ಅಕ್ಷರಗಳು) ಸರಿ ಬಿದ್ದಿವೆಯೇ ಎಂದು ವಿಶೇಷವಾಗಿ ಕೇಳಿ. ಅವುಗಳಿಗೆ ಯೂನಿಕೋಡಿನಲ್ಲಿ ಪ್ರತ್ಯೇಕ ಸ್ಥಾನ ಬಂದದ್ದು 2008ರಲ್ಲಿ, ಅದಕ್ಕೂ ಹಳೆಯ ಫಾಂಟಿನಲ್ಲಿ ಆ ಜಾಗ ಖಾಲಿ ಚೌಕವಾಗಿ ಕಾಣಬಹುದು.