ಜಾನ್ಸನ್ ಹೆದರಿದ್ದು ಹನೋಯ್‌ಗಾ, ವಾಷಿಂಗ್ಟನ್‌ಗಾ?

ಪ್ರಶ್ನೆ: ಸಾರ್, ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ನಿಜಕ್ಕೂ ಕಮ್ಯುನಿಸಂ ಹರಡುತ್ತೆ ಅಂತ ಹೆದರಿ ವಿಯೆಟ್ನಾಂಗೆ ಸೈನ್ಯ ಕಳಿಸಿದ್ರಾ? ಅದೆಲ್ಲ ಬರೀ ನೆಪ, ಆಯುಧ ಕಂಪನಿಗಳು ಕುಣಿಸಿದ ಹಾಗೆ ಕುಣಿದ್ರು ಅಂತ ಒಂದು ವಿಡಿಯೋದಲ್ಲಿ ನೋಡ್ದೆ.

ಉತ್ತರ: ಈ ಪ್ರಶ್ನೆ ಬರ್ತಾನೇ ಇರುತ್ತೆ, ಜೊತೆಗೊಂದು ವಿಡಿಯೋನೂ ಇದ್ದೇ ಇರುತ್ತೆ. ವಿಡಿಯೋ ಮಾಡೋರಿಗೆ ನನ್ನದೊಂದೇ ವಿನಂತಿ, ಜಾನ್ಸನ್ ತಮ್ಮ ಫೋನ್ ಮಾತುಕತೆಗಳನ್ನ ತಾವೇ ಟೇಪ್ ಮಾಡಿಸಿಟ್ಟಿದ್ರು, ಈಗ ಯಾರು ಬೇಕಾದ್ರೂ ಕೇಳ್ಬಹುದು, ಮೊದಲು ಅದನ್ನ ಕೇಳಿ ಆಮೇಲೆ ಮೈಕ್ ಹಿಡೀರಿ.

ಆಗ ವಿಯೆಟ್ನಾಂ ಎರಡು ಭಾಗ, ಹನೋಯ್ ರಾಜಧಾನಿಯಾಗಿದ್ದ ಉತ್ತರ ಕಮ್ಯುನಿಸ್ಟರದ್ದು, ಸೈಗಾನ್ ರಾಜಧಾನಿಯಾಗಿದ್ದ ದಕ್ಷಿಣಕ್ಕೆ ಅಮೆರಿಕದ ಬೆಂಬಲ. 1964ರ ಮೇ 27ರ ಟೇಪೊಂದೇ ಸಾಕು. ಭದ್ರತಾ ಸಲಹೆಗಾರ ಮ್ಯಾಕ್‌ಜಾರ್ಜ್ ಬಂಡಿ ಹತ್ರ ಮಾತಾಡ್ತಾ ಜಾನ್ಸನ್ ಹೇಳ್ತಾರೆ, ಬೆಳಿಗ್ಗೆ ನನ್ನ ಕೆಲಸಕ್ಕಿರೋ ಸಾರ್ಜೆಂಟ್‌ನ ನೋಡ್ತಾ ಇದ್ದೆ, ಅವನಿಗೆ ಆರು ಮಕ್ಕಳು, ಅವನನ್ನ ಅಲ್ಲಿಗೆ ಯಾಕೆ ಕಳಿಸ್ಲಿ, ವಿಯೆಟ್ನಾಂನಿಂದ ಈ ದೇಶಕ್ಕೆ ಆಗಬೇಕಾದ್ದೇನು ಅಂತ. ಅದಕ್ಕೋಸ್ಕರ ಹೊಡೆದಾಡೋದು ದಂಡ, ಆದ್ರೆ ಬಿಟ್ಟು ಬರೋಕೂ ಆಗಲ್ಲ ಅಂತಾರೆ. ಅದೇ ಮಾತಲ್ಲೇ, ಕಮ್ಯುನಿಸ್ಟರಿಂದ ಓಡೋಕೆ ಶುರು ಮಾಡಿದ್ರೆ ನಮ್ಮ ಅಡುಗೆಮನೆವರೆಗೂ ಅಟ್ಟಿಸ್ಕೊಂಡು ಬರ್ತಾರೆ ಅನ್ನೋದೂ ಇದೆ. ಬಾಯಲ್ಲಿ ಬಿಸಿತುಪ್ಪ ಇಟ್ಕೊಂಡಿರೋ ಮನುಷ್ಯ, ನುಂಗೋ ಹಾಗಿಲ್ಲ ಉಗುಳೋ ಹಾಗಿಲ್ಲ. ಕಂಪನಿಗಳ ಮಾತು ಕೇಳಿ ಖುಷಿಯಾಗಿ ಯುದ್ಧಕ್ಕೆ ಹೊರಟವರ ದನಿ ಇದಾ, ನೀವೇ ಹೇಳಿ. ಕಂಪನಿಗಳು ದುಡ್ಡು ಮಾಡಿದ್ವು, ಅದು ಬೇರೆ ವಿಷಯ.

ಹಾಗಾದ್ರೆ ಬಿಟ್ಟು ಬರೋಕೆ ಅಡ್ಡ ಬಂದಿದ್ದೇನು? ಅದೇ ದಿನ ಸೆನೆಟರ್ ರಸೆಲ್ ಹತ್ರ ಮಾತಾಡಿದ್ದು ಕೇಳಿ, ಬಿಟ್ಟು ಓಡಿಬಂದ ಅಧ್ಯಕ್ಷನನ್ನ ಇಂಪೀಚ್ (ಅಧಿಕಾರದಿಂದ ಇಳಿಸೋ ವಿಚಾರಣೆ) ಮಾಡ್ತಾರೆ ಅಲ್ವಾ ಅಂತ ಕೇಳ್ತಾರೆ. ಇಲ್ಲಿದೆ ನೋಡಿ ಅಸಲಿ ಭಯ. 1949ರಲ್ಲಿ ಚೀನಾ, ಕಮ್ಯುನಿಸ್ಟ್ ನಾಯಕ ಮಾವೋ ಕೈಗೆ ಹೋದಾಗ "ಚೀನಾ ಕಳೆದವರು" ಅಂತ ಆಗಿನ ಅಧ್ಯಕ್ಷ ಟ್ರೂಮನ್‌ನೂ ಜಾನ್ಸನ್‌ರದ್ದೂ ಆದ ಡೆಮಾಕ್ರಟಿಕ್ ಪಕ್ಷವನ್ನೂ ರಿಪಬ್ಲಿಕನ್ನರು ಹಿಂಡಿಹಾಕಿದ್ರು, ಮರುವರ್ಷವೇ ಸರ್ಕಾರದೊಳಗೇ ಕಮ್ಯುನಿಸ್ಟರಿದ್ದಾರೆ ಅಂತ ಸೆನೆಟರ್ ಮೆಕಾರ್ಥಿಯ ಬೇಟೆ ಶುರುವಾಯ್ತು, ಆಗಷ್ಟೇ ಸೆನೆಟ್‌ಗೆ ಬಂದಿದ್ದ ಜಾನ್ಸನ್ ಅದನ್ನೆಲ್ಲ ಕಣ್ಣಾರೆ ನೋಡಿದ್ರು. ವಿಯೆಟ್ನಾಂ ಕಳೆದ್ರೆ ತನಗೂ ಅದೇ ಗತಿ, ಬಡವರಿಗೆ ಆರೋಗ್ಯ, ಕಪ್ಪುಜನರಿಗೆ ಮತದಾನದ ಹಕ್ಕು ಅಂತ ತಾನು ತರಬೇಕು ಅಂದ್ಕೊಂಡಿರೋ ಕಾನೂನುಗಳೂ ಅದರ ಜೊತೆ ಮುಳುಗುತ್ತೆ ಅನ್ನೋದು ಲೆಕ್ಕ. ತಪ್ಪು ಲೆಕ್ಕ ಅನ್ನೋದು ನನ್ನ ಅಭಿಪ್ರಾಯ. 1964ರ ಚುನಾವಣೆಯಲ್ಲಿ 50ರಲ್ಲಿ 44 ರಾಜ್ಯ ಗೆದ್ದವರಿಗೆ ಇನ್ನೇನು ಧೈರ್ಯ ಬೇಕಿತ್ತು? ಉಪಾಧ್ಯಕ್ಷ ಹಂಫ್ರಿ 1965ರ ಫೆಬ್ರವರಿಯಲ್ಲಿ ಇದನ್ನೇ ಬರೆದುಕೊಟ್ರು, ಹಿಂದೆ ಸರಿಯೋದಿದ್ರೆ ರಾಜಕೀಯವಾಗಿ ಕಮ್ಮಿ ರಿಸ್ಕ್ ಇರೋದು ಈ ವರ್ಷವೇ ಅಂತ. ಸಿಕ್ಕಿದ ಬಹುಮಾನ, ವಿಯೆಟ್ನಾಂ ಸಭೆಗಳಿಂದ ಅವರನ್ನೇ ದೂರ ಇಟ್ರು! ಮಾರ್ಚ್ 8ಕ್ಕೆ ದಕ್ಷಿಣ ವಿಯೆಟ್ನಾಂನ ದಾ ನಾಂಗ್‌ನಲ್ಲಿ 3,500 ಮರೀನ್‌ಗಳು ಇಳಿದ್ರು, 1968ರ ಹೊತ್ತಿಗೆ ಅಲ್ಲಿ 5 ಲಕ್ಷಕ್ಕೂ ಹೆಚ್ಚು ಅಮೆರಿಕನ್ ಸೈನಿಕರು.

ವಿಡಿಯೋದವರು ಹೇಳದೇ ಇರೋದು ಇನ್ನೊಂದಿದೆ. ಮುಂದಕ್ಕೆ ತಳ್ಳಿದ್ದು ಒಂದು ಭಯ ಆದ್ರೆ, ಹಿಂದಕ್ಕೆ ಎಳೆದಿದ್ದು ಇನ್ನೊಂದು ಭಯ. 1950ರಲ್ಲಿ ಕೊರಿಯಾದ ಉತ್ತರಕ್ಕೆ ನುಗ್ಗಿದ್ದಕ್ಕೆ ಚೀನಾ ಸೈನ್ಯ ಇಳಿದಿದ್ದು ಜಾನ್ಸನ್‌ಗೆ ಮರೆತಿರಲಿಲ್ಲ, ಅದಕ್ಕೇ ಉತ್ತರ ವಿಯೆಟ್ನಾಂ ಒಳಗೆ ಭೂಸೇನೆ ನುಗ್ಗಿಸಲಿಲ್ಲ, ಬಾಂಬ್ ಎಲ್ಲಿ ಹಾಕ್ಬೇಕು ಅನ್ನೋ ಪಟ್ಟೀನ ಮಂಗಳವಾರದ ಊಟದ ಸಭೆಗಳಲ್ಲಿ ತಾವೇ ಕೂತು ನೋಡ್ತಿದ್ರು.

ಪ್ರಶ್ನೆ: ಸೈಗಾನ್ ಜೊತೆ ಲಾವೋಸ್, ಕಾಂಬೋಡಿಯಾನೂ ಕಮ್ಯುನಿಸ್ಟರ ಪಾಲಾಯ್ತಲ್ಲ, ಹಾಗಾದ್ರೆ ಒಂದು ದೇಶ ಬಿದ್ರೆ ಪಕ್ಕದವೂ ಸಾಲಾಗಿ ಬೀಳುತ್ತೆ ಅನ್ನೋ ಡಾಮಿನೋ ಥಿಯರಿ ಸರಿಯೇ ತಾನೇ?

ಉತ್ತರ: ಥಾಯ್ಲೆಂಡ್ ಬಿತ್ತಾ? ಮಲೇಷ್ಯಾ? ಇಂಡೋನೇಷ್ಯಾ? ವಿಯೆಟ್ನಾಂ, ಲಾವೋಸ್ ಹೋದ್ರೂ ಕಾಂಬೋಡಿಯಾ ಬಿಟ್ಟು ಬೇರೆ ದೇಶ ಬೇಗ ಬೀಳೋ ಸಂಭವ ಕಮ್ಮಿ ಅಂತ ಸಿಐಎ ವಿಶ್ಲೇಷಕರೇ 1964ರ ಜೂನ್‌ನಲ್ಲಿ ಬರೆದುಕೊಟ್ಟಿದ್ರು. ಇನ್ನು "ಎಲ್ಲ ಕಮ್ಯುನಿಸ್ಟರೂ ಒಂದೇ" ಅನ್ನೋರು 1979ರಲ್ಲಿ ಚೀನಾ ವಿಯೆಟ್ನಾಂ ಮೇಲೇ ಯಾಕೆ ಏರಿಹೋಯ್ತು ಅಂತ ಓದ್ಕೊಂಡು ಬನ್ನಿ.

ಪ್ರಶ್ನೆ: ಅಮೆರಿಕದ ಯುದ್ಧನೌಕೆಗಳ ಮೇಲೆ ಉತ್ತರ ವಿಯೆಟ್ನಾಂ ಮಾಡ್ತು ಅನ್ನೋ ಟೊಂಕಿನ್ ಕೊಲ್ಲಿಯ ದಾಳಿ ಪೂರ್ತಿ ಸುಳ್ಳಾ?

ಉತ್ತರ: 1964ರ ಆಗಸ್ಟ್ 2ರದ್ದು ನಿಜ, 4ರದ್ದು ನಡೆದೇ ಇಲ್ಲ.

ಪ್ರಶ್ನೆ: ಕೆನಡಿ ಬದುಕಿದ್ರೆ ಈ ಯುದ್ಧ ಆಗ್ತಿತ್ತಾ?

ಉತ್ತರ: ಜಾತಕ ನೋಡೋರನ್ನ ಕೇಳಿ, ನನಗೆ ಗೊತ್ತಿರೋದು ಕೆನಡಿ ಕಾಲದಲ್ಲೇ ಅಲ್ಲಿ ಸುಮಾರು 16,000 ಅಮೆರಿಕನ್ ಸೈನಿಕರಿದ್ರು ಅಂತ ಮಾತ್ರ.

ಪ್ರಶ್ನೆ: ವಿಯೆಟ್ನಾಂ ಬಗ್ಗೆ ಮಾತಾಡಿದ್ದಕ್ಕೆ ನಮಗೆ ಗೋಧಿ ನಿಲ್ಲಿಸಿದ್ರಂತೆ, ಹೌದಾ?

ಉತ್ತರ: ಅರ್ಧ ಹೌದು. ಬರಗಾಲದ 1965-66ರಲ್ಲಿ ಪಿಎಲ್-480 ಅನ್ನೋ ಅಮೆರಿಕದ ಆಹಾರ ನೆರವಿನ ಗೋಧೀನ ಜಾನ್ಸನ್ ಒಟ್ಟಿಗೆ ಮಂಜೂರು ಮಾಡದೆ ಸ್ವಲ್ಪಸ್ವಲ್ಪವೇ ಬಿಡ್ತಿದ್ರು. ನೀವು ಕೃಷಿಗೆ ದುಡ್ಡು ಹಾಕಿ ಅನ್ನೋ ಒತ್ತಡ ಅದಕ್ಕೆ ಮೊದಲೇ ಇತ್ತು. 1966ರ ಜುಲೈನಲ್ಲಿ ಇಂದಿರಾ ಗಾಂಧಿ ಉತ್ತರ ವಿಯೆಟ್ನಾಂ ಮೇಲಿನ ಬಾಂಬ್ ದಾಳಿ ನಿಲ್ಲಿಸಿ ಅಂದಾಗ ಸಿಟ್ಟೂ ಸೇರ್ಕೊಂಡ್ತು. ಹಡಗು ತಡವಾಗಿ ಬಂತು ಅನ್ನಿ ಒಪ್ತೀನಿ, ಪೂರ್ತಿ ನಿಲ್ಲಿಸಿಬಿಟ್ರು ಅಂತ ಮಾತ್ರ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡ್ಬೇಡಿ.