ಜಪಾನಿನ ಒಂದೇ ಪ್ರದೇಶವನ್ನು ಅಲ್ಲಿನ ಊಟ ಮತ್ತು ಪಾನೀಯಗಳ ಮೂಲಕ ತಿಳಿಯಬೇಕಾದರೆ ಯಾವುದನ್ನು ಆರಿಸಿಕೊಳ್ಳಬೇಕು?

ಟೋಕಿಯೊ ಮತ್ತು ಕ್ಯೋಟೊಗಳನ್ನು ಈಗಾಗಲೇ ನೋಡಿದ್ದೀರಿ, ಈ ಬಾರಿ ಒಂದು ವಾರವನ್ನು ಒಂದೇ ಪ್ರದೇಶಕ್ಕೆ ಮೀಸಲಿಟ್ಟು ಅಲ್ಲಿನ ಜನರು ತಿನ್ನುವುದನ್ನು, ಕುಡಿಯುವುದನ್ನು ಅನುಸರಿಸಿ ಸುತ್ತಾಡಬೇಕೆಂದಿದ್ದೀರಿ, ಜೊತೆಗೆ ಬರುವ ನಿಮ್ಮ ಪತ್ನಿ ಸಸ್ಯಾಹಾರಿ ಎಂದೂ ತಿಳಿಸಿದ್ದೀರಿ. ನನ್ನ ಉತ್ತರ ನಾಗಾನೊ ಪ್ರಾಂತ್ಯ. ಅಲ್ಲಿನವರು ಇಂದಿಗೂ ಪ್ರೀತಿಯಿಂದ ಅದನ್ನು ಶಿನ್‌ಶೂ ಎಂಬ ಹಳೆಯ ಹೆಸರಿನಿಂದಲೇ ಕರೆಯುತ್ತಾರೆ. ಕೆಲಸದ ನಿಮಿತ್ತ ಆ ಪ್ರಾಂತ್ಯದ ಮಾತ್ಸುಮೊತೊ ನಗರದಲ್ಲಿ ನೆಲೆಸಿರುವುದರಿಂದ ನನಗೆ ಅದರ ಮೇಲೆ ಅಭಿಮಾನವಿರುವುದು ಸಹಜ. ಆದರೆ ಈ ಆಯ್ಕೆಗೆ ಅಭಿಮಾನಕ್ಕಿಂತ ಗಟ್ಟಿಯಾದ ಕಾರಣವಿದೆ.

ಜಪಾನಿನ ಅಡುಗೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಸಮುದ್ರ: ಮೀನು, ಸುಶಿ, ಕಡಲ ಸಸ್ಯಗಳು. ಎಂಟು ಪ್ರಾಂತ್ಯಗಳ ನಡುವೆ ಸಿಕ್ಕಿಕೊಂಡಿರುವ ನಾಗಾನೊಗೆ ಒಂದಂಗುಲವೂ ಕರಾವಳಿಯಿಲ್ಲ. ಮೂರು ಸಾವಿರ ಮೀಟರ್ ಮುಟ್ಟುವ ಪರ್ವತ ಸಾಲುಗಳು, ಅವುಗಳ ನಡುವಿನ ಕಿರಿದಾದ ಬಯಲುಗಳು, ದೀರ್ಘವಾದ ಕೊರೆಯುವ ಚಳಿಗಾಲ, ಇವಿಷ್ಟರಲ್ಲೇ ಜನರು ಬದುಕು ಕಟ್ಟಿಕೊಳ್ಳಬೇಕಾಗಿತ್ತು. ಹೀಗಾಗಿ ಅಲ್ಲಿನ ಪ್ರತಿಯೊಂದು ತಿನಿಸಿನ ಹಿಂದೆಯೂ ಎರಡು ಪ್ರಶ್ನೆಗಳಿವೆ: ಉಪ್ಪು ಎಲ್ಲಿಂದ ಬಂತು, ಮತ್ತು ಚಳಿಯನ್ನು ಯಾವ ಕೆಲಸಕ್ಕೆ ಹಚ್ಚಲಾಯಿತು. ಈ ಎರಡು ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಊರೂರು ತಿರುಗಿದರೆ, ಪ್ರವಾಸಿ ಕೈಪಿಡಿಗಳಲ್ಲಿ ಚದುರಿಹೋಗಿರುವ ‘ವಿಶೇಷ ತಿನಿಸು’ಗಳೆಲ್ಲ ಒಂದೇ ಕಥೆಯಾಗಿ ಕೂಡಿಕೊಳ್ಳುತ್ತವೆ.

ಉಪ್ಪು ಬಂದದ್ದು ಹೊರಗಿನಿಂದ. ಜಪಾನ್ ಸಮುದ್ರದ ದಂಡೆಯ ಇತೊಇಗಾವಾದಿಂದ ಮಾತ್ಸುಮೊತೊವರೆಗೆ ಸುಮಾರು 120 ಕಿಲೋಮೀಟರ್ ಉದ್ದದ ‘ಉಪ್ಪಿನ ದಾರಿ’ ಇದೆ. ಎತ್ತುಗಳ ಮೇಲೆ, ಹಿಮ ಬಿದ್ದ ಕಾಲದಲ್ಲಿ ಮನುಷ್ಯರ ಬೆನ್ನ ಮೇಲೆ, ಉಪ್ಪು ಮತ್ತು ಒಣಮೀನು ಈ ದಾರಿಯಲ್ಲಿ ಬರುತ್ತಿದ್ದವು. ತೊಯಾಮಾ ಕೊಲ್ಲಿಯಲ್ಲಿ ಹಿಡಿದ ಬುರಿ ಮೀನು ಉಪ್ಪು ಸವರಿಸಿಕೊಂಡು, 1,672 ಮೀಟರ್ ಎತ್ತರದ ನೊಮುಗಿ ಕಣಿವೆದಾರಿಯನ್ನು ದಾಟಿ, ವರ್ಷಾಂತ್ಯದ ಹಬ್ಬದೂಟಕ್ಕೆ ಮಾತ್ಸುಮೊತೊ ತಲುಪುತ್ತಿತ್ತು. ಇಷ್ಟು ಕಷ್ಟಪಟ್ಟು ತಂದ ಉಪ್ಪನ್ನು ಜನರು ವ್ಯರ್ಥ ಮಾಡುತ್ತಿರಲಿಲ್ಲ. ಸೋಯಾ ಅವರೆ ಮತ್ತು ಅಕ್ಕಿಯ ಕೋಜಿಯ ಜೊತೆ ಸೇರಿಸಿ ಮಿಸೊ ಎಂಬ ಹುದುಗಿಸಿದ ಗಟ್ಟಿ ಪೇಸ್ಟ್ ಮಾಡಿ, ವರ್ಷಪೂರ್ತಿ ಬಳಸುತ್ತಿದ್ದರು. ಅಕ್ಕಿಯ ಮೇಲೆ ಒಂದು ಬಗೆಯ ಶಿಲೀಂಧ್ರವನ್ನು ಬೆಳೆಸಿದರೆ ಸಿಗುವುದೇ ಕೋಜಿ. ಮಿಸೊ, ಅಕ್ಕಿಯ ಮದ್ಯವಾದ ಸಾಕೆ, ಅಕ್ಕಿಯ ಸಿಹಿ ಪಾನೀಯವಾದ ಅಮಾಜಾಕೆ ಮೂರಕ್ಕೂ ಅದೇ ಮೂಲ. ಇಂದು ಜಪಾನಿನಲ್ಲಿ ತಯಾರಾಗುವ ಒಟ್ಟು ಮಿಸೊದಲ್ಲಿ ಸುಮಾರು ಅರ್ಧದಷ್ಟು ನಾಗಾನೊದಿಂದಲೇ ಬರುತ್ತದೆ. ತಿಳಿ ಹಳದಿ ಬಣ್ಣದ, ಉಪ್ಪು ಸ್ವಲ್ಪ ಮುಂದಿರುವ ಆ ಮಿಸೊವನ್ನು ಸಾರಿನಲ್ಲಿ ಸವಿಯುವ ಮೊದಲು ಒಮ್ಮೆ ಬರಿದಾಗಿ ಸೌತೆಕಾಯಿಗೆ ಹಚ್ಚಿಕೊಂಡು ತಿನ್ನಿ. ಅದರ ನಿಜವಾದ ರುಚಿ ತಿಳಿಯುವುದು ಆಗ.

ಇನ್ನು ಸೋಬಾ. ಉತ್ತರ ಭಾರತದಲ್ಲಿ ಉಪವಾಸದ ದಿನಗಳಲ್ಲಿ ಬಳಸುವ ಕುಟ್ಟು ಹಿಟ್ಟಿನಿಂದಲೇ ಈ ಶ್ಯಾವಿಗೆಯನ್ನು ಮಾಡುತ್ತಾರೆ. ಭತ್ತ ಬೆಳೆಯಲಾಗದ ಬಡ ನೆಲದಲ್ಲಿ, ತಂಪಿನಲ್ಲಿ, ಬಿತ್ತಿದ ಎರಡೂವರೆ ತಿಂಗಳಲ್ಲಿ ಕೈಗೆ ಬರುವ ಬೆಳೆ ಅದು. ಹಾಗಾಗಿಯೇ ಮಲೆಯ ಜನರಿಗೆ ಆಸರೆಯಾಯಿತು. ಸೋಬಾವನ್ನು ಶ್ಯಾವಿಗೆಯಂತೆ ಕತ್ತರಿಸಿ ತಿಂದುದರ ಅತ್ಯಂತ ಹಳೆಯ ಲಿಖಿತ ಉಲ್ಲೇಖಗಳಲ್ಲಿ ಒಂದು ಸಿಕ್ಕಿರುವುದು ಕೂಡ ಇದೇ ಪ್ರಾಂತ್ಯದ ಕಿಸೊ ಕಣಿವೆಯ ಜೋಶೋಜಿ ದೇವಾಲಯದ 1574ರ ದಾಖಲೆಯಲ್ಲಿ. ಅದಕ್ಕೂ ಮೊದಲು ಜನರು ಆ ಹಿಟ್ಟನ್ನು ಬಿಸಿನೀರಿನಲ್ಲಿ ತಿರುವಿ ಉಂಡೆಯಾಗಿ ತಿನ್ನುತ್ತಿದ್ದರು. ಸೋಬಾಗಾಕಿ ಎಂಬ ಆ ತಿನಿಸು ಈಗಲೂ ಹಳೆಯ ಅಂಗಡಿಗಳಲ್ಲಿ ಸಿಗುತ್ತದೆ, ಮತ್ತು ರಾಗಿಮುದ್ದೆ ಉಂಡು ಬೆಳೆದ ಯಾರಿಗೂ ಅದನ್ನು ಪರಿಚಯಿಸಿಕೊಡುವ ಅಗತ್ಯವಿಲ್ಲ. ಮುದ್ದೆಯನ್ನು ತಿರುವುವ ಕೈಗೆ ಅದರ ಹದ ತಾನಾಗಿಯೇ ಗೊತ್ತಾಗುತ್ತದೆ.

ಸೋಬಾಕ್ಕೆ ನಾಗಾನೊ ನಗರದಿಂದ ಬಸ್ಸಿನಲ್ಲಿ ಒಂದು ಗಂಟೆಯ ದೂರದಲ್ಲಿ, ಸಾವಿರ ಮೀಟರಿಗಿಂತ ಎತ್ತರದಲ್ಲಿರುವ ತೊಗಾಕುಶಿಗೆ ಹೋಗಿ. ಪುರಾತನ ದೇಗುಲಗಳ ಸುತ್ತ ಬೆಳೆದ ಊರು ಅದು. ತಣ್ಣೀರಿನಲ್ಲಿ ತೊಳೆದ ಸೋಬಾವನ್ನು ಒಂದೊಂದು ತುತ್ತಿನ ಅಳತೆಗೆ ಸಣ್ಣ ಸಣ್ಣ ಕಟ್ಟುಗಳಾಗಿ ಮಾಡಿ, ಸ್ಥಳೀಯ ಬಿದಿರಿನಿಂದ ಹೆಣೆದ ದುಂಡನೆಯ ತಟ್ಟೆಯ ಮೇಲೆ ನೀರಿನ ಸಮೇತ ಜೋಡಿಸಿಕೊಡುವುದು ಅಲ್ಲಿನ ಪದ್ಧತಿ. ಆ ತಟ್ಟೆಗಳನ್ನು ಹೆಣೆಯುವ ಮನೆಗಳೂ ಅದೇ ರಸ್ತೆಯಲ್ಲಿವೆ. ತುರಿದ ಖಾರದ ಮೂಲಂಗಿ ಪಕ್ಕದಲ್ಲಿರುತ್ತದೆ. ಊಟದ ಕೊನೆಗೆ ಸೋಬಾ ಬೇಯಿಸಿದ ನೀರನ್ನು ಒಂದು ಕುಡಿಕೆಯಲ್ಲಿ ತಂದಿಡುತ್ತಾರೆ. ಉಳಿದ ಅದ್ದುಸಾರಿಗೆ ಅದನ್ನು ಬೆರೆಸಿ ಬಿಸಿಬಿಸಿಯಾಗಿ ಕುಡಿಯಬೇಕು. ಅದನ್ನು ಮುಟ್ಟದೆ ಎದ್ದು ಬರುವ ಪ್ರವಾಸಿಗರು ಊಟದ ಒಂದು ಭಾಗವನ್ನೇ ಬಿಟ್ಟು ಬಂದಂತಾಗುತ್ತದೆ. ಕುಟ್ಟು ಹಿಟ್ಟಿಗೆ ತೀವ್ರ ಅಲರ್ಜಿ ಇರುವವರು ಇರುತ್ತಾರೆ. ನೀವಿಬ್ಬರೂ ಮೊದಲ ಬಾರಿಗೆ ತಿನ್ನುವುದಾದರೆ ಸ್ವಲ್ಪದಿಂದ ಆರಂಭಿಸಿ.

ನಿಮ್ಮ ಪತ್ನಿಯ ಊಟದ ವಿಚಾರವನ್ನು ಇಲ್ಲಿಯೇ ಸ್ಪಷ್ಟಪಡಿಸಬೇಕು. ಜಪಾನಿನಲ್ಲಿ ಸಸ್ಯಾಹಾರಿಗಳಿಗೆ ಅಡ್ಡಿಯಾಗುವುದು ಕಣ್ಣಿಗೆ ಕಾಣುವ ಮಾಂಸಕ್ಕಿಂತ ಹೆಚ್ಚಾಗಿ ಕಾಣದ ದಾಶಿ, ಅಂದರೆ ಎಲ್ಲ ಸಾರುಗಳ ತಳದಲ್ಲಿರುವ ರಸ. ಅದನ್ನು ಸಾಮಾನ್ಯವಾಗಿ ಒಣಗಿಸಿದ ಕತ್ಸುಒ ಮೀನಿನ ಎಸಳುಗಳಿಂದ ತೆಗೆಯುತ್ತಾರೆ. ಸೋಬಾದ ಅದ್ದುಸಾರಿನಲ್ಲೂ ಮಿಸೊ ಸಾರಿನಲ್ಲೂ ಅದು ಇದ್ದೇ ಇರುತ್ತದೆಂದು ತಿಳಿಯಿರಿ. ಆದರೆ ನಾಗಾನೊದಲ್ಲಿ ಇದಕ್ಕೆ ಒಳ್ಳೆಯ ದಾರಿಗಳಿವೆ. ಒಳ್ಳೆಯ ಅಂಗಡಿಗಳಲ್ಲಿ ಸೋಬಾವನ್ನು ಬರಿಯ ಉಪ್ಪು ಮತ್ತು ಆಗಷ್ಟೇ ತುರಿದ ವಸಾಬಿ ಎಂಬ ಖಾರದ ಗೆಡ್ಡೆಯ ಜೊತೆ ಕೇಳಬಹುದು. ಹಿಟ್ಟಿನ ಪರಿಮಳ ಆಗಲೇ ಚೆನ್ನಾಗಿ ಗೊತ್ತಾಗುತ್ತದೆ. ತಕಾತೊ ಎಂಬ ಹಳೆಯ ಕೋಟೆಯೂರಿನಲ್ಲಿ ಖಾರದ ಮೂಲಂಗಿಯ ತುರಿಗೆ ಕೆಂಡದಲ್ಲಿ ಸುಟ್ಟ ಮಿಸೊವನ್ನು ಕಲಸಿ ಸೋಬಾವನ್ನು ಅದ್ದಿ ತಿನ್ನುತ್ತಾರೆ. ಸಕಾಕಿ ಎಂಬಲ್ಲಿ ಇದೇ ಬಗೆಯಲ್ಲಿ ಮೂಲಂಗಿಯ ರಸಕ್ಕೆ ಮಿಸೊ ಕರಗಿಸಿ ಉದೊನ್ ಎಂಬ ಗೋಧಿಯ ದಪ್ಪ ಶ್ಯಾವಿಗೆ ತಿನ್ನುವುದುಂಟು. ಎರಡರಲ್ಲೂ ಮೀನಿನ ರಸ ಬೆರೆಸದಂತೆ ಮೊದಲೇ ಹೇಳಬೇಕು. ‘ಕತ್ಸುಒ ದಾಶಿ ಬೇಡ’ ಎಂಬ ಮಾತನ್ನು ಜಪಾನಿ ಲಿಪಿಯಲ್ಲಿ ಬರೆಸಿಟ್ಟುಕೊಂಡರೆ ಎಲ್ಲೆಡೆ ಉಪಯೋಗಕ್ಕೆ ಬರುತ್ತದೆ.

ಸಂಪೂರ್ಣ ನೆಮ್ಮದಿಯ ಊಟಕ್ಕಾಗಿ ನಾಗಾನೊ ನಗರದ ಜೆಂಕೋಜಿ ದೇವಾಲಯದ ಆವರಣದಲ್ಲಿ ಒಂದು ರಾತ್ರಿ ತಂಗಿ. ದೇವಾಲಯದ ಸುತ್ತ ಭಕ್ತರಿಗಾಗಿ 39 ವಸತಿಗಳಿವೆ. ಭಿಕ್ಷುಗಳ ಶೋಜಿನ್ ಅಡುಗೆಯನ್ನು ಅಲ್ಲಿ ಬಡಿಸುತ್ತಾರೆ: ಎಳ್ಳಿನ ತೋಫು, ಹೆಪ್ಪುಗಟ್ಟಿಸಿ ಒಣಗಿಸಿದ ತೋಫು, ಕಾಡಿನ ಸೊಪ್ಪು, ಅಣಬೆ, ರಸಕ್ಕೆ ಕೊಂಬು ಎಂಬ ಕಡಲ ಸಸ್ಯ ಮತ್ತು ಶಿತಾಕೆ ಅಣಬೆ. ಮೀನು ಸೇರದ ಶೋಜಿನ್ ಊಟವೇ ಬೇಕೆಂದು ಕಾಯ್ದಿರಿಸುವಾಗಲೇ ತಿಳಿಸಿ. ಬೆಳಗಿನ ಜಾವ 1707ರಲ್ಲಿ ಕಟ್ಟಿದ ಮುಖ್ಯ ಮಂದಿರದಲ್ಲಿ ನಡೆಯುವ ಪೂಜೆಗೆ ವಸತಿಯವರೇ ಕರೆದೊಯ್ಯುತ್ತಾರೆ. ಹೊರಬಂದ ಮೇಲೆ ಬೀದಿಯಲ್ಲಿ ಓಯಾಕಿ ತಿನ್ನಿ. ಗೋಧಿ ಅಥವಾ ಕುಟ್ಟು ಹಿಟ್ಟಿನ ಹೊದಿಕೆಯೊಳಗೆ ಮಿಸೊ ಬದನೆಕಾಯಿ, ಕುಂಬಳ, ನೊಜಾವಾನಾ ಸೊಪ್ಪು ಅಥವಾ ಸಿಹಿ ಅಜುಕಿ ಕಾಳಿನ ಹೂರಣ ತುಂಬಿ ಹಿಂದೆ ಒಲೆಯ ಬೂದಿಯಲ್ಲಿ ಸುಡುತ್ತಿದ್ದ ತಿನಿಸು ಇದು. ಅದೇ ಬೀದಿಯಲ್ಲಿ 1736ರಿಂದ ಏಳು ಮಸಾಲೆಗಳ ಪುಡಿ ಮಾರುವ ಯಾವಾತಾಯಾ ಇಸೊಗೊರೊ ಅಂಗಡಿಯಿದೆ. ಮೆಣಸಿನಕಾಯಿ, ಶುಂಠಿ, ಎಳ್ಳು, ಒಣ ಕಿತ್ತಳೆ ಸಿಪ್ಪೆ ಮೊದಲಾದವು ಸೇರಿದ ಆ ಪುಡಿ ನಮ್ಮ ನಾಲಗೆಗೆ ಕೂಡಲೇ ಒಗ್ಗುತ್ತದೆ.

ಚಳಿಯನ್ನು ಕೆಲಸಕ್ಕೆ ಹಚ್ಚಿದ ಬಗೆಯನ್ನು ನೋಡಲು ಸುವಾ ಸರೋವರದ ಸುತ್ತಲಿನ ಊರುಗಳಿಗಿಂತ ಒಳ್ಳೆಯ ಜಾಗವಿಲ್ಲ. ನಮ್ಮ ದಿನಸಿ ಅಂಗಡಿಗಳಲ್ಲಿ ಚೈನಾ ಗ್ರಾಸ್ ಎಂದು ಸಿಗುವ ವಸ್ತುವಿನ ಒಂದು ದೊಡ್ಡ ನೆಲೆ, ಸಮುದ್ರದಿಂದ ಇಷ್ಟು ದೂರದ ಚಿನೊ ಪಟ್ಟಣ. ಕಡಲ ಸಸ್ಯವನ್ನು ಕರಾವಳಿಯಿಂದ ತಂದು, ಬೇಯಿಸಿ, ಸೋಸಿ, ಹೆಪ್ಪುಗಟ್ಟಿದ್ದನ್ನು ಉದ್ದನೆಯ ತುಂಡುಗಳಾಗಿ ಕತ್ತರಿಸಿ, ಕೊಯ್ಲು ಮುಗಿದ ಗದ್ದೆಗಳಲ್ಲಿ ಹರಡುತ್ತಾರೆ. ರಾತ್ರಿ ಅದು ಹೆಪ್ಪಾಗುತ್ತದೆ, ಹಗಲಿನ ಬಿಸಿಲಿಗೆ ಕರಗಿ ನೀರು ಇಳಿಯುತ್ತದೆ. ಸುಮಾರು ಎರಡು ವಾರ ಹೀಗೆಯೇ ನಡೆದು ಕೊನೆಗೆ ಉಳಿಯುವುದು ಗರಿಯಂತೆ ಹಗುರವಾದ ಬಿಳಿಯ ಕಡ್ಡಿ. ಕಾಂತೆನ್ ಎಂಬ ಇದನ್ನು ತಯಾರಿಸಲು ಬೇಕಾದದ್ದು ಕಡಲಿಗಿಂತ ಹೆಚ್ಚಾಗಿ ಕೊರೆಯುವ ರಾತ್ರಿ, ಒಣ ಗಾಳಿ ಮತ್ತು ಮೋಡವಿಲ್ಲದ ಹಗಲು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಬೇಸಾಯವಿಲ್ಲದ ತಿಂಗಳುಗಳ ಕಸುಬಾಗಿ ಬೇರೂರಿದ ಈ ಕೆಲಸವನ್ನು ಡಿಸೆಂಬರಿನಿಂದ ಫೆಬ್ರವರಿಯವರೆಗೆ ಗದ್ದೆಗಳಲ್ಲಿ ಕಣ್ಣಾರೆ ನೋಡಬಹುದು. ಆಕ್ರೋಡು ಹಾಕಿ ಹೆಪ್ಪುಗಟ್ಟಿಸಿದ ಸಿಹಿ ಕಾಂತೆನ್ ಅಲ್ಲಿನ ಹಬ್ಬದೂಟಗಳಲ್ಲಿ ತಪ್ಪದೆ ಇರುತ್ತದೆ, ಮತ್ತು ಅದು ಪೂರ್ತಿ ಸಸ್ಯಜನ್ಯ.

ಸಾಕೆಗೂ ಇದೇ ಚಳಿ ಬೇಕು. ಹುದುಗು ನಿಧಾನವಾಗಿ ನಡೆದಷ್ಟೂ ಪರಿಮಳ ಉಳಿಯುತ್ತದೆ. ಸಾಕೆ ತಯಾರಕರ ಸಂಖ್ಯೆಯಲ್ಲಿ ನಿಗಾತಾದ ನಂತರದ ಸ್ಥಾನ ನಾಗಾನೊದ್ದು. ಕಾಮಿಸುವಾ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ, ಹಳೆಯ ಹೆದ್ದಾರಿಯ ಅರ್ಧ ಕಿಲೋಮೀಟರಿನೊಳಗೆ ಐದು ತಯಾರಕರಿದ್ದಾರೆ: ಮೈಹಿಮೆ, ರೇಜಿನ್, ಹೊಂಕಿನ್, ಯೊಕೊಬುಎ ಮತ್ತು ಮಾಸುಮಿ. 1662ರಲ್ಲಿ ಆರಂಭವಾದ ಮಾಸುಮಿಯ ತೊಟ್ಟಿಗಳಲ್ಲಿ 1946ರಲ್ಲಿ ಗುರುತಿಸಿದ ಯೀಸ್ಟ್ ‘ಏಳನೆಯ ಸಂಖ್ಯೆ’ ಎಂಬ ಹೆಸರಿನಲ್ಲಿ ದೇಶದ ನೂರಾರು ತಯಾರಕರಿಗೆ ಹಂಚಿಕೆಯಾಯಿತು. ಇಂದಿಗೂ ಅದು ಅತಿ ಹೆಚ್ಚು ಬಳಕೆಯಲ್ಲಿರುವ ಯೀಸ್ಟ್‌ಗಳಲ್ಲಿ ಒಂದು. ಐದೂ ಕಡೆ ದುಬಾರಿ ಬಾಟಲಿಗಳ ಹಿಂದೆ ಹೋಗುವ ಬದಲು, ಸ್ಥಳೀಯ ಮಿಯಾಮಾನಿಶಿಕಿ ಅಕ್ಕಿಯಿಂದ ಮಾಡಿದ, ಹೊರಗಿನ ಆಲ್ಕೋಹಾಲ್ ಬೆರೆಸದ ಜುನ್‌ಮಾಯ್ ಸಾಕೆಯೊಂದನ್ನೇ ಕೇಳಿ ರುಚಿ ನೋಡಿ. ಒಂದೇ ಕಣಿವೆಯ ನೀರಿನಿಂದ ಐದು ಮನೆಗಳು ಎಷ್ಟು ಬೇರೆ ಬೇರೆ ಸಾಕೆ ತೆಗೆಯುತ್ತವೆ ಎಂಬುದು ನಾಲಗೆಗೆ ಆಗ ಮಾತ್ರ ಸ್ಪಷ್ಟವಾಗುತ್ತದೆ. ಪಕ್ಕದಲ್ಲಿ ನೀರು ಕುಡಿಯುತ್ತಿರುವುದು ಅಲ್ಲಿನವರ ರೂಢಿ. ನೀವೂ ಹಾಗೆಯೇ ಮಾಡಿ. ತಯಾರಿಕೆಯ ಕೋಣೆಯನ್ನು ನೋಡಲು ಅನುಮತಿ ಸಿಕ್ಕರೆ ಆ ಬೆಳಿಗ್ಗೆ ನಾತ್ತೊ ಎಂಬ ಹುದುಗಿಸಿದ ಸೋಯಾ ಕಾಳನ್ನು ತಿನ್ನಬೇಡಿ, ಏಕೆಂದರೆ ಅದರ ಬ್ಯಾಕ್ಟೀರಿಯಾ ಕೋಜಿಯನ್ನು ಕೆಡಿಸಬಲ್ಲದು. ಮದ್ಯ ಬೇಡವೆನ್ನುವವರಿಗೆ ಕೋಜಿಯ ಅಮಾಜಾಕೆ ಇದೆ. ಸಕ್ಕರೆ ಹಾಕದೆಯೇ ಸಿಹಿಯಾಗಿರುವ ಅಕ್ಕಿಯ ಪಾನೀಯ ಅದು. ಸಾಕೆ ಹಿಂಡಿದ ಗಸಿಯಿಂದ ಮಾಡಿದ ಇನ್ನೊಂದು ಬಗೆಯಲ್ಲಿ ಸ್ವಲ್ಪ ಆಲ್ಕೋಹಾಲ್ ಉಳಿದಿರುತ್ತದೆ, ಆದ್ದರಿಂದ ಯಾವುದೆಂದು ಕೇಳಿಕೊಳ್ಳಿ.

ಶಿಯೊಜಿರಿಯ ವೈನ್, ಆಜುಮಿನೊದ ಹಿಮ ಕರಗಿದ ನೀರಿನಲ್ಲಿ ಬೆಳೆಯುವ ವಸಾಬಿ, ಒಬುಸೆಯ ಚೆಸ್ಟ್‌ನಟ್ ಸಿಹಿಗಳು ದಾರಿಯಲ್ಲೇ ಸಿಗುತ್ತವೆ. ಶಿಯೊಜಿರಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮಿನ ಮೇಲೆಯೇ ದ್ರಾಕ್ಷಿ ಚಪ್ಪರವಿದೆ. ದಕ್ಷಿಣದ ಇನಾ ಕಣಿವೆಯಲ್ಲಿ ಮಿಡತೆ, ಕಣಜದ ಮರಿಗಳನ್ನು ಸೋಯಾ ಸಾಸ್‌ನಲ್ಲಿ ಬೇಯಿಸಿ ತಿನ್ನುತ್ತಾರೆ. ಅದನ್ನು ನೋಡಿ ಮುಖ ಸಿಂಡರಿಸದಿರಿ ಎಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಕಡಲಮೀನು ಅಪರೂಪವಾಗಿದ್ದ ಮಲೆಯಲ್ಲಿ ಎಷ್ಟೋ ತಲೆಮಾರುಗಳಿಗೆ ಶಕ್ತಿ ಕೊಟ್ಟ ಆಹಾರ ಅದು.

ಬರುವುದಾದರೆ ನವೆಂಬರ್ ಉತ್ತರಾರ್ಧದಲ್ಲಿ ಬನ್ನಿ. ಆ ವರ್ಷದ ಹೊಸ ಸೋಬಾ ಬಂದಿರುತ್ತದೆ, ಸೇಬಿನ ಕೊನೆಯ ಕೊಯ್ಲು ನಡೆಯುತ್ತಿರುತ್ತದೆ, ಸೂರುಗಳಲ್ಲಿ ಸಿಪ್ಪೆ ತೆಗೆದ ಕಾಕಿ ಹಣ್ಣುಗಳು ಒಣಗುತ್ತಿರುತ್ತವೆ. ನೊಜಾವಾ ಒನ್ಸೆನ್ ಹಳ್ಳಿಯಲ್ಲಿ ನೊಜಾವಾನಾ ಸೊಪ್ಪನ್ನು ಹೊರೆಹೊರೆಯಾಗಿ ಬಿಸಿನೀರಿನ ಬುಗ್ಗೆಗಳ ಸ್ನಾನದ ಮನೆಗಳಿಗೇ ತಂದು ತೊಳೆದು ಉಪ್ಪಿನಲ್ಲಿ ಹಾಕುವ ಕಾಲವೂ ಅದೇ. ಹಸಿರಾಗಿರುವಾಗ ಗರಿಗರಿಯಾದ ಆ ಉಪ್ಪಿನಕಾಯಿ, ಚಳಿಗಾಲ ಮುಗಿಯುವ ಹೊತ್ತಿಗೆ ಕಂದು ಬಣ್ಣಕ್ಕೆ ತಿರುಗಿ ಹುಳಿಯಾಗುತ್ತದೆ. ಸ್ಥಳೀಯ ಹಿರಿಯರು ಮೆಚ್ಚುವುದು ಆ ಹುಳಿಯನ್ನೇ. ಹೊಸ ಸಾಕೆ ಮತ್ತು ಕಾಂತೆನ್ ನಿಮಗೆ ಮುಖ್ಯವಾದರೆ ಜನವರಿಯೇ ಸರಿ, ಆದರೆ ಹಿಮದಲ್ಲಿ ಓಡಾಟ ನಿಧಾನವಾಗುತ್ತದೆ.

ಟೋಕಿಯೊದಿಂದ ಶಿಂಕಾನ್ಸೆನ್ ಎಂಬ ಅತಿವೇಗದ ರೈಲಿನಲ್ಲಿ ಒಂದೂವರೆ ಗಂಟೆಯಲ್ಲಿ ನಾಗಾನೊ ತಲುಪಿ, ಅಲ್ಲಿ ಎರಡು ರಾತ್ರಿ, ಮಾತ್ಸುಮೊತೊದಲ್ಲಿ ಎರಡು, ಕಾಮಿಸುವಾದಲ್ಲಿ ಒಂದು, ಕೊನೆಯದನ್ನು ಕಿಸೊ ಕಣಿವೆಯಲ್ಲಿ ಕಳೆಯುವಂತೆ ಯೋಜಿಸಿಕೊಳ್ಳಿ. ಎಲ್ಲವೂ ರೈಲು ಮತ್ತು ಬಸ್ಸಿನಲ್ಲಿ ಸಾಧ್ಯ. ಸಾಕೆಯ ರುಚಿ ನೋಡುವವರು ಕಾರು ಓಡಿಸುವಂತಿಲ್ಲವಾದ್ದರಿಂದ ಬಾಡಿಗೆ ಕಾರಿನ ಯೋಚನೆ ಬಿಡಿ. ಕಿಸೊವನ್ನು ಕೊನೆಗೆ ಇಡಲು ಕಾರಣ ಸುಂಕಿ. ಉಪ್ಪಿನ ದಾರಿಗಳಿಂದಲೂ ದೂರ ಉಳಿದ ಆ ಕಣಿವೆಯ ಜನರು ಕೆಂಪು ಗೆಡ್ಡೆಯ ಸೊಪ್ಪನ್ನು ಒಂದು ಕಣ ಉಪ್ಪೂ ಹಾಕದೆ, ಹಿಂದಿನ ವರ್ಷದ ಸುಂಕಿಯನ್ನೇ ಹೆಪ್ಪಾಗಿ ಬಳಸಿ ಹುಳಿಗಟ್ಟಿಸುತ್ತಾರೆ. ನವೆಂಬರ್ ಕೊನೆಯಿಂದ ಅದು ಅಂಗಡಿಗಳಿಗೆ ಬರುತ್ತದೆ. ಸೋಬಾದ ಮೇಲೆ ಹಾಕಿಕೊಡುವ ಸುಂಕಿಗೆ ಮೀನಿನ ಎಸಳು ಉದುರಿಸಿರುತ್ತಾರೆ, ಹಾಗಾಗಿ ನಿಮ್ಮ ಪತ್ನಿಗೆ ಬರಿಯ ಸುಂಕಿಯನ್ನು ಅನ್ನದ ಜೊತೆ ಕೇಳಿ ತರಿಸಿಕೊಡಿ. ಕಿಸೊದಿಂದ ಅದೇ ರೈಲು ಮಾರ್ಗ ನಾಗೋಯಾಕ್ಕೆ ಇಳಿಯುತ್ತದೆ. ಮರಳುವ ವಿಮಾನವನ್ನು ನಾಗೋಯಾದಿಂದಲೇ ಕಾಯ್ದಿರಿಸಿದರೆ ಟೋಕಿಯೊಗೆ ಹಿಂದಿರುಗುವ ಒಂದು ದಿನ ಉಳಿಯುತ್ತದೆ, ಆ ದಿನವನ್ನು ತೊಗಾಕುಶಿಗೆ ಕೊಡಿ.